ಬಿಚ್ಚಿ ನೋಡದೆ ಬಿಸಾಡುವವರು

ಕಾಲೇಜಿನಲ್ಲಿ ಕನ್ನಡ ಕಲಿಸುವವನಿಗೆ ಮೋಟಾರಿನ ಎಂಜಿನ್ನಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಇಷ್ಟು ವರ್ಷ ಪಂಪ, ರನ್ನ, ಕುಮಾರವ್ಯಾಸರನ್ನು ಪಾಠ ಹೇಳಿಕೊಂಡು ಬಂದ ನಾನು, ಕಳೆದ ಬೇಸಗೆಯವರೆಗೆ ಎಂಜಿನ್ನಿಗೂ ಒಂದು ತಲೆ ಉಂಟೆಂಬುದನ್ನು ಯೋಚಿಸಿದವನಲ್ಲ. ಅದು ಕೆಟ್ಟ ಮೇಲೆಯೇ ನನ್ನ ತಲೆಗೆ ಕೆಲಸ ಬಂದದ್ದು.

ನಮ್ಮ ಮನೆಯಲ್ಲಿರುವುದು 1986ರ ಪ್ರೀಮಿಯರ್ ಪದ್ಮಿನಿ. ತಂದೆಯವರು ಕೊಂಡದ್ದು. ಕಳೆದ ಏಪ್ರಿಲಿನಲ್ಲಿ ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆ, ಅಮೀನಗಡದ ಮೇಲೆ ಹಾಯ್ದು ಹುನಗುಂದಕ್ಕೆ ಹೊರಟಿದ್ದೆ. ಅಲ್ಲಿ ಶರಣರ ಕಾಯಕ ತತ್ತ್ವವನ್ನು ಕುರಿತು ನನ್ನದೊಂದು ಉಪನ್ಯಾಸವಿತ್ತು. ಐಹೊಳೆ ದಾಟಿ ಸ್ವಲ್ಪ ದೂರ ಹೋಗುತ್ತಲೇ ಬಾನೆಟ್ಟಿನ ಸಂದಿಯಿಂದ ಹಬೆ ಏಳತೊಡಗಿತು. ಆಗಲೇ ನಿಲ್ಲಿಸಬೇಕಾಗಿತ್ತು. ಸಭೆಗೆ ತಡವಾದೀತೆಂದು ಅಮೀನಗಡದವರೆಗೆ ಹಾಗೆಯೇ ಹೊಡೆದೆ. ಅಲ್ಲಿ ಎಂಜಿನ್ ತಾನಾಗಿಯೇ ನಿಂತುಬಿಟ್ಟಿತು. ನಾನು ಬಸ್ಸು ಹತ್ತಿ ಹೋಗಿ, ದುಡಿಮೆಯ ಘನತೆಯ ಮೇಲೆ ಒಂದು ತಾಸು ಮಾತನಾಡಿ, ಶಾಲು ಹೊದಿಸಿಕೊಂಡು ಬಂದೆ. ಎಂಜಿನ್ನನ್ನು ಸುಟ್ಟ ತಪ್ಪು ನನ್ನದೇ ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದಿನ ಮಾತಿಗೆ ಬರುತ್ತೇನೆ.

ಕಾರನ್ನು ಎಳೆಸಿಕೊಂಡು ಬಾಗಲಕೋಟೆಯ ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದೆ. ಹೆಸರು ಬೇಡ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ತರುಣರೊಬ್ಬರು ಬಂದು ಬಾನೆಟ್ ಎತ್ತಿದರು, ಯಾವ ಇಸವಿಯದೆಂದು ಕೇಳಿದರು, ಬಾನೆಟ್ ಮುಚ್ಚಿದರು. “ಇದರ ಟೈಮ್ ಮುಗದದರೀ ಸರ್. ಹೆಡ್ ಹೋಗೇದ, ಹೊಸಾದು ಸಿಗಂಗಿಲ್ಲ. ತೂಕದ ಮ್ಯಾಲೆ ಗುಜರಿಗೆ ಹಾಕಿಬಿಡ್ರಿ” ಎಂದರು. ಅಷ್ಟು ಹೊತ್ತಿಗೆ ಅವರು ಒಂದು ಬೋಲ್ಟನ್ನಾದರೂ ಬಿಚ್ಚಿರಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿ. ಬಿಚ್ಚಿ ನೋಡಿ, ಅಳೆದು, “ಇದು ಉಳಿಯುವುದಿಲ್ಲ” ಎಂದಿದ್ದರೆ ನಾನು ತಲೆಬಾಗಿಸುತ್ತಿದ್ದೆ. ಇಸವಿ ಕೇಳಿ ತೀರ್ಪು ಕೊಡುವುದು ಎಂಥ ವಿದ್ಯೆ? ಜ್ವರ ಬಂದವನ ನಾಡಿ ಹಿಡಿಯದೆ ಜಾತಕ ನೋಡಿ ಕೈಬಿಡುವ ವೈದ್ಯನನ್ನು ನಾವು ವೈದ್ಯನೆಂದು ಕರೆಯುತ್ತೇವೆಯೇ?

ಆ ಕಾರನ್ನು ಉಳಿಸಿದವರು ಇಳಕಲ್ಲಿನ ಒಬ್ಬ ಮಿಸ್ತ್ರಿ. ಅರವತ್ತು ದಾಟಿದವರು, ತಗಡಿನ ಚಪ್ಪರದ ಕೆಳಗೆ ಅವರ ಗ್ಯಾರೇಜು. ಅವರು ಮೊದಲು ಹೆಡ್ಡನ್ನು ಮುಟ್ಟಲೇ ಇಲ್ಲ. ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಹಾಕಿದರು. ಬಿಳಿಯ ಹಿಟ್ಟಿನಂಥ ಪದರ ಬೆರಳಿಗೆ ಹತ್ತಿ ಬಂತು. “ಬೋರಿನ ನೀರು ಹಾಕಿಕೋತ ಬಂದೀರೇನ್ರಿ?” ಎಂದು ಕೇಳಿದರು. ಹೌದೆಂದೆ. ನಮ್ಮ ಸೀಮೆಯ ಸವಳು ನೀರು ಚಹದ ಪಾತ್ರೆಯ ತಳದಲ್ಲಿ ಏನು ಮಾಡುತ್ತದೆಂದು ಪ್ರತಿಯೊಬ್ಬ ಗೃಹಿಣಿಗೂ ಗೊತ್ತು. ಅದೇ ಕೆಲಸವನ್ನು ಅದು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ವರ್ಷಗಟ್ಟಲೆ ಮಾಡಿತ್ತು. ನೀರು ತಿರುಗದೆ ಎಂಜಿನ್ ಕಾದಿತ್ತು. “ಇದನ್ನ ಸ್ವಚ್ಛ ಮಾಡದ ಹೊಸಾ ಹೆಡ್ ಹಾಕಿದರೂ ಮತ್ತ ಇದ ಕಥಿರೀ” ಎಂದರು. ರೋಗದ ಮೂಲ ತಲೆಯಲ್ಲಿರಲಿಲ್ಲ. ಇದು ಮೊದಲನೆಯ ಪಾಠ.

ಸಿಲಿಂಡರ್ ಹೆಡ್ ಎಂದರೆ ಎಂಜಿನ್ನಿನ ಮುಚ್ಚಳವೆಂದು ತಿಳಿದರೆ ಸಾಕು. ಕೆಳಗಿನ ಬ್ಲಾಕಿನಲ್ಲಿ ಪಿಸ್ಟನ್ನುಗಳು ಏರಿಳಿಯುತ್ತವೆ. ಮೇಲೆ ಈ ಮುಚ್ಚಳದಲ್ಲಿ ವಾಲ್ವುಗಳು ಕುಳಿತಿರುತ್ತವೆ. ನಡುವೆ ತೆಳುವಾದ ಗ್ಯಾಸ್ಕೆಟ್. ಪದ್ಮಿನಿಯ 1089 ಸಿ.ಸಿ. ಎಂಜಿನ್ನಿನ ವಂಶ ಇಟಲಿಯ ಫಿಯಟ್ ಕಂಪನಿ 1937ರಲ್ಲಿ ಹೊರತಂದ ಎಂಜಿನ್ನಿನದು. ಅದರ ಬ್ಲಾಕು ಎರಕದ ಕಬ್ಬಿಣ, ಹೆಡ್ಡು ಅಲ್ಯುಮಿನಿಯಂ. ಕಾದಾಗ ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. 400 ಮಿಲಿಮೀಟರ್ ಉದ್ದದ ಎರಡು ಪಟ್ಟಿಗಳನ್ನು 80 ಡಿಗ್ರಿ ಹೆಚ್ಚು ಕಾಯಿಸಿದರೆ ಅಲ್ಯುಮಿನಿಯಂ ಮುಕ್ಕಾಲು ಮಿಲಿಮೀಟರಿನಷ್ಟು ಬೆಳೆದರೆ, ಕಬ್ಬಿಣ ಅದರ ಅರ್ಧದಷ್ಟೂ ಬೆಳೆಯದು. ಎಂಜಿನ್ ಹದವಾಗಿ ಕಾಯುವವರೆಗೆ ಈ ದಾಂಪತ್ಯ ಸುಖವಾಗಿರುತ್ತದೆ. ಮಿತಿ ಮೀರಿ ಕಾದರೆ, ಬೋಲ್ಟುಗಳ ಬಿಗಿತದಲ್ಲಿ ಹಿಗ್ಗಲು ಎಡೆಯಿಲ್ಲದ ಹೆಡ್ಡು ಡೊಂಕಾಗುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ನೀರು ಎಣ್ಣೆಯೊಳಗೆ ಇಳಿಯುತ್ತದೆ. ನನ್ನ ಎಂಜಿನ್ನಿನ ಎಣ್ಣೆ ಹಾಲು ಹೆಚ್ಚಾದ ಚಹದ ಬಣ್ಣಕ್ಕೆ ತಿರುಗಿತ್ತು.

ಮಿಸ್ತ್ರಿ ಎಂಜಿನ್ ಪೂರ್ತಿ ಆರುವವರೆಗೆ ಕಾದು, ಅಂಚಿನ ಬೋಲ್ಟುಗಳಿಂದ ನಡುವಿನ ಕಡೆಗೆ ಸ್ವಲ್ಪಸ್ವಲ್ಪವಾಗಿ ಸಡಿಲಿಸುತ್ತ ಬಂದರು. ಹೆಡ್ಡನ್ನು ತೊಳೆದು, ಅದರ ತಳಕ್ಕೆ ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಹಿಡಿದು, ಸಂದಿಯಲ್ಲಿ ಫೀಲರ್ ಗೇಜಿನ ಎಲೆಗಳನ್ನು ತೂರಿಸಿ ನೋಡಿದರು. ಇಂಥ ಸಣ್ಣ ಎಂಜಿನ್ನಿಗೆ 0.05 ಮಿಲಿಮೀಟರಿನಷ್ಟು ಡೊಂಕನ್ನು ಸಹಿಸಬಹುದಂತೆ, ನಮ್ಮದರಲ್ಲಿ 0.20 ಇತ್ತು. ಆಮೇಲೆ ಕೆಂಪು ದ್ರವ ಸವರಿ, ಒರೆಸಿ, ಬಿಳಿಯ ಪುಡಿ ಸಿಂಪಡಿಸಿದರು. ಎರಡು ವಾಲ್ವುಗಳ ನಡುವೆ ಕೂದಲೆಳೆಯಂಥ ಕೆಂಪು ಗೆರೆಯೊಂದು ಮೂಡಿತು. ಅದೇ ಬಿರುಕು.

“ಉಳಿಯುತ್ತದೆಯೇ ಕಾಕಾ?” ಎಂದೆ.

“ಇನ್ನೂ ಹೇಳಂಗಿಲ್ರಿ. ಬಾಳ ಕಾದರ ಅಲ್ಯುಮಿನಿಯಂ ಮೆತ್ತಗ ಆಗಿರತದ. ಹಂಗಾಗಿದ್ದರ ನಾನೂ ಒಗೀರಿ ಅಂತೇನಿ.”

ಹೆಡ್ಡನ್ನು ಹುಬ್ಬಳ್ಳಿಗೆ ಕಳಿಸಿ ಗಡಸುತನ ಅಳೆಸಿದರು. ಸರಿಯಿದೆಯೆಂದು ಬಂದ ಮೇಲೆಯೇ ಮುಂದಿನ ಕೆಲಸ. ಬಿರುಕು ಮುಂದೆ ಹರಿಯದಂತೆ ಅದರ ಎರಡೂ ತುದಿಗೆ ಸಣ್ಣ ತೂತು ಕೊರೆದು, ಗೆರೆಯ ಉದ್ದಕ್ಕೂ ತೋಡಿ, ಇಡೀ ಹೆಡ್ಡನ್ನು ಹದವಾಗಿ ಕಾಯಿಸಿ, ಆರ್ಗಾನ್ ಅನಿಲದ ಮುಸುಕಿನಲ್ಲಿ ವೆಲ್ಡ್ ಮಾಡಬೇಕು. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ. ಅದರ ಮೈಮೇಲೆ ಗಾಳಿಗೆ ಕಟ್ಟುವ ಆಕ್ಸೈಡಿನ ಪೊರೆ ಕರಗಲು 2000 ಡಿಗ್ರಿಗೂ ಮೇಲೆ ಬೇಕು. ಪೊರೆ ತೆಗೆಯದೆ ಬೆಂಕಿ ಹಿಡಿದರೆ ಒಳಗಿನದು ನೀರಾಗುತ್ತದೆ, ಬೆಸುಗೆ ಮಾತ್ರ ಕೂಡುವುದಿಲ್ಲ. ವೆಲ್ಡಾದ ಮೇಲೆ ನೀರಿನ ದಾರಿಗಳನ್ನು ಮುಚ್ಚಿ, ಒಳಗೆ ಗಾಳಿಯ ಒತ್ತಡ ಕೊಟ್ಟು, ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವುದೇ ಎಂದು ನೋಡಿದರು. ಕೊನೆಗೆ ತಳವನ್ನು ಯಂತ್ರದಲ್ಲಿ ಸಮ ಮಾಡಿದರು, ಅದೂ ಎಷ್ಟು ಬೇಕೋ ಅಷ್ಟೇ. ಹೆಚ್ಚು ಹೆರೆದರೆ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ, ಎಂಜಿನ್ ಬಡಿಯತೊಡಗುತ್ತದೆ.

ತಿರುಗಿ ಇಳಕಲ್ಲಿಗೆ ಬಂದ ಹೆಡ್ಡಿಗೆ ವಾಲ್ವುಗಳನ್ನು ಪೇಸ್ಟು ಹಚ್ಚಿ ಕೈಯಿಂದಲೇ ಉಜ್ಜಿ ಕೂಡಿಸಿದರು. ಹೊಸ ಗ್ಯಾಸ್ಕೆಟ್ ಇಟ್ಟು, ಈ ಸಲ ನಡುವಿನಿಂದ ಅಂಚಿಗೆ, ಮೂರು ಸುತ್ತಿನಲ್ಲಿ, ಟಾರ್ಕ್ ಪಾನಾದಿಂದ ಬಿಗಿದರು. ಎಂಜಿನ್ ಕಾಯಿಸಿ, ಆರಿಸಿ, ಮತ್ತೊಮ್ಮೆ ಬಿಗಿತ ನೋಡಿದರು. ಎಲ್ಲ ಸೇರಿ 11,000 ರೂಪಾಯಿ. ಹನ್ನೆರಡು ದಿನ.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಬರೆದದ್ದು ವಾಚಕರಿಗೆ ಮೆಕ್ಯಾನಿಕ್ ಕೆಲಸ ಕಲಿಸಲಿಕ್ಕಲ್ಲ. ಈ ಹನ್ನೆರಡು ದಿನಗಳಲ್ಲಿ ನಡೆದದ್ದು ಏನು ಎಂದು ಕೇಳಲಿಕ್ಕೆ. ಊಹೆ, ಪರೀಕ್ಷೆ, ಅಳತೆ, ತೀರ್ಮಾನ, ಮರುಪರೀಕ್ಷೆ—ಇದನ್ನೇ ಅಲ್ಲವೇ ನಾವು ಶಾಸ್ತ್ರವೆಂದು ಕರೆಯುವುದು? ಹಾಗಿದ್ದರೆ ಇಸವಿ ಕೇಳಿ ಬಾನೆಟ್ ಮುಚ್ಚಿದವರು ‘ತಂತ್ರಜ್ಞ’ರೂ, ಕೂದಲೆಳೆಯ ಬಿರುಕನ್ನು ಹುಡುಕಿ ತೆಗೆದವರು ‘ಮಿಸ್ತ್ರಿ’ಯೂ ಆದದ್ದು ಹೇಗೆ?

ಹಳೆಯ ಗಾಡಿಗಳ ಹೊಗೆಯ ಮಾತನ್ನು ಕೆಲವರು ಎತ್ತುತ್ತಾರೆ. ಆ ಮಾತು ಸುಳ್ಳಲ್ಲ. ಕಾರ್ಬುರೇಟರಿನ ಹಳೆಯ ಎಂಜಿನ್, 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. 6 ಮಾನದ ಹೊಸ ಎಂಜಿನ್ನಿಗಿಂತ ಹೆಚ್ಚು ಮಲಿನ ಗಾಳಿ ಉಗುಳುತ್ತದೆ. ದಿನವೂ ನೂರಾರು ಮೈಲಿ ಓಡುವ ಗಾಡಿಯ ವಿಷಯದಲ್ಲಿ ಇದು ದೊಡ್ಡ ಮಾತೇ. ಆದರೆ ಇದಕ್ಕೂ ಉತ್ತರ ಪರೀಕ್ಷೆಯೇ. ಖಾಸಗಿ ಕಾರಿನ ಬಗೆಗೆ ಕಾನೂನೂ ಅದನ್ನೇ ಹೇಳುತ್ತದೆ: 15 ವರ್ಷವಾದ ಮೇಲೆ ತಪಾಸಣೆಗೆ ತನ್ನಿ, ಪಾಸಾದರೆ ಐದು ವರ್ಷ ಓಡಿಸಿ, ಮತ್ತೆ ತನ್ನಿ. ಈ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ಮೀರಿದ ಕಾರಿಗೆ 2025ರಲ್ಲಿ 10,000 ಆಯಿತು. ಕಹಿಯಾದರೂ ತತ್ತ್ವ ಸರಿ, ನಾನು ಕಟ್ಟುತ್ತೇನೆ.

ಆದರೆ ಸರಕಾರ ತನ್ನ ಸ್ವಂತ ಗಾಡಿಗಳಿಗೆ ಮಾಡಿದ್ದೇನು? 2023ರ ಏಪ್ರಿಲ್ 1ರಿಂದ, ರಕ್ಷಣೆ ಮತ್ತು ಭದ್ರತೆಯ ಕೆಲವು ವಿಶೇಷ ವಾಹನಗಳನ್ನು ಬಿಟ್ಟು, 15 ವರ್ಷ ತುಂಬಿದ ಸರಕಾರಿ ವಾಹನಗಳ ನೋಂದಣಿಯೇ ನವೀಕರಣವಾಗುವುದಿಲ್ಲ. ಸಾರಿಗೆ ಸಂಸ್ಥೆಯ ಬಸ್ಸಿಗೂ ಇದೇ ಗತಿ. ಲಕ್ಷಗಟ್ಟಲೆ ಮೈಲಿ ಓಡಿ ಸವೆದದ್ದೂ, ಕಚೇರಿಯ ಮುಂದೆ ನೆರಳಿನಲ್ಲಿ ನಿಂತು ಮುದಿಯಾದದ್ದೂ ಒಂದೇ ತಕ್ಕಡಿಯಲ್ಲಿ. ಬಿಚ್ಚಿ ನೋಡುವ ಪ್ರಶ್ನೆಯೇ ಇಲ್ಲ. ಬಾಗಲಕೋಟೆಯ ಆ ತರುಣರು ನನ್ನ ಕಾರಿಗೆ ಮಾಡಿದ್ದನ್ನೇ ಇಲ್ಲಿ ನಿಯಮವಾಗಿ ಬರೆದಿಟ್ಟಿದ್ದಾರೆ. ಆ ಗಾಡಿಗಳಿಗೆ ಹಣ ಕೊಟ್ಟವರು ನಾವು.

ಹೊರಗಿನವರು ಬೇರೆ ದಿಕ್ಕಿಗೆ ನಡೆದಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿಯೇ, ಕಾರು ರಿಪೇರಿಗೆ ಬೇಕಾದ ಮಾಹಿತಿಯನ್ನು ಕಂಪನಿಗಳು ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕೆಂದು ಮತ ಹಾಕಿದರು. ಯುರೋಪಿನ ಒಕ್ಕೂಟ 2024ರಲ್ಲಿ ಹಲವು ಗೃಹೋಪಯೋಗಿ ಸಾಮಾನುಗಳಿಗೆ ರಿಪೇರಿಯ ಹಕ್ಕನ್ನು ಕಾನೂನಾಗಿ ಮಾಡಿತು. ಅವರು ಬಡವರೆಂದು ಹೀಗೆ ಮಾಡಲಿಲ್ಲ. ಬಿಸಾಡಿದ್ದಕ್ಕೂ ಒಂದು ಬೆಲೆ ಉಂಟೆಂದು ಲೆಕ್ಕ ಹಾಕಿ ಮಾಡಿದರು.

ಇನ್ನು ನಮ್ಮ ಮನೆಯ ಲೆಕ್ಕ. ಸರಕಾರವನ್ನೂ ವರ್ಕ್‌ಶಾಪನ್ನೂ ಬೈದು ಕೈತೊಳೆದುಕೊಳ್ಳುವುದು ನಮ್ಮಂಥ ಸುಶಿಕ್ಷಿತರಿಗೆ ಸುಲಭ. ನನ್ನ ಕಪಾಟಿನಲ್ಲಿ ಕಾವ್ಯವಿಮರ್ಶೆಯ ಪುಸ್ತಕಗಳು ನೂರಕ್ಕೂ ಹೆಚ್ಚು. ಒಂದು ಎಂಜಿನ್ ಹೇಗೆ ಕೆಡುತ್ತದೆ, ಹೇಗೆ ಸರಿಹೋಗುತ್ತದೆ ಎಂದು ಹೇಳುವ ಪುಸ್ತಕ ಒಂದೂ ಇಲ್ಲ. ಕನ್ನಡಕ್ಕೆ ಇದು ಹೊಸ ವಿದ್ಯೆಯೂ ಅಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ, ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯ ‘ಲೋಕೋಪಕಾರ’ವನ್ನು ಬರೆದ. ನೀರು ಹುಡುಕುವುದು, ಗಿಡ ಬೆಳೆಸುವುದು, ಅಡಿಗೆ ಮಾಡುವುದು, ದನದ ರೋಗ ವಾಸಿಮಾಡುವುದು, ಎಲ್ಲವೂ ಅದರಲ್ಲಿ ಬರಹಕ್ಕೆ ಯೋಗ್ಯವಾದವು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆ ನಡೆಸಿದಾಗ, ಕನ್ನಡದಲ್ಲಿ ಹೇಳಲಾಗದ ವಿದ್ಯೆಯಿಲ್ಲವೆಂಬ ನಂಬಿಕೆ ಅವರಿಗಿತ್ತು. ಆ ನಂಬಿಕೆಯನ್ನು ನಾವು ಸನ್ಮಾನಪತ್ರದಲ್ಲಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ. ಕೂಡಲಸಂಗಮವಿರುವ ತಾಲೂಕಿನಲ್ಲಿ ನಿಂತು ಕಾಯಕದ ಮೇಲೆ ಮಾತನಾಡಿದವನು ನಾನು. ಕೈಗೆ ಎಣ್ಣೆ ಮೆತ್ತಿದವರ ಕಾಯಕದಲ್ಲಿ ಎಷ್ಟು ವಿದ್ಯೆಯಿದೆಯೆಂದು ನೋಡಿದ್ದು ನನ್ನ ಕಾರು ಕೆಟ್ಟ ಮೇಲೆ.

ಮಿಸ್ತ್ರಿಯ ಮಗ ಈ ಕೆಲಸ ಕಲಿತಿಲ್ಲ. ಬೆಂಗಳೂರಿನಲ್ಲಿ ಒಂದು ಅಂಗಡಿಯಲ್ಲಿದ್ದಾನೆ. “ಕನ್ಯಾ ಕೊಡಾಂವ್ರು ಗ್ಯಾರೇಜ್ ಅಂದರ ಎದ್ದು ಹೋಗತಾರ್ರಿ ಸರ್” ಎಂದು ಅವರು ಸುಮ್ಮನೆ ಹೇಳಿದರು, ದೂರುವ ದನಿಯಲ್ಲಲ್ಲ. ಎದ್ದು ಹೋಗುವವರಲ್ಲಿ ನಾನೂ ಒಬ್ಬನಾಗುತ್ತಿದ್ದೆನೇನೋ. ಅವರ ಕೈಯಲ್ಲಿರುವುದು ಕಾಗದದ ಮೇಲೆ ಎಲ್ಲಿಯೂ ಇಲ್ಲ.

ಆದ್ದರಿಂದ ನನ್ನ ಕೇಳಿಕೆ ಮೂರು. ಮೊದಲನೆಯದು, ಸರಕಾರಿ ಗಾಡಿಯಾಗಲಿ ಖಾಸಗಿಯದಾಗಲಿ, ತಪಾಸಣೆಯಿಲ್ಲದೆ ವಯಸ್ಸಿನ ಮೇಲೆ ಗುಜರಿಗೆ ಹೋಗಬಾರದು. ಎರಡನೆಯದು, ‘ಹೆಡ್ ಹೋಗಿದೆ’ ಎನ್ನುವ ಯಾವ ವರ್ಕ್‌ಶಾಪೇ ಆಗಲಿ, ಹೆಡ್ಡನ್ನು ಮಾಲಕನ ಮುಂದಿಟ್ಟು, ಅಳತೆಯನ್ನು ಚೀಟಿಯ ಮೇಲೆ ಬರೆದುಕೊಡಬೇಕು. ಕೇಳಿ ಪಡೆಯುವ ಧೈರ್ಯ ಮಾಲಕನಿಗೂ ಇರಬೇಕು. ಮೂರನೆಯದು ನಮ್ಮವರಿಗೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಾಲೇಜುಗಳ ಕನ್ನಡ ವಿಭಾಗಗಳು ಪ್ರತಿ ವರ್ಷ ಹತ್ತು ವಿದ್ಯಾರ್ಥಿಗಳನ್ನಾದರೂ ಗ್ಯಾರೇಜಿಗೆ, ಲೇತಿನ ಅಂಗಡಿಗೆ, ಮಗ್ಗದ ಮನೆಗೆ ಕಳಿಸಲಿ; ಕಂಡದ್ದನ್ನು ಅಲ್ಲಿಯ ಮಾತಿನಲ್ಲಿಯೇ ಬರೆದುಕೊಂಡು ಬರಲಿ. ಮುಂದಿನ ವರ್ಷ ನಾನು ನನ್ನ ತರಗತಿಯಿಂದಲೇ ಆರಂಭಿಸುತ್ತೇನೆ. ಮಿಸ್ತ್ರಿಯವರನ್ನು ಕೇಳಿದ್ದಾಯಿತು. “ಬರಲಿ ಬಿಡ್ರಿ, ಆದರ ಬಿಳಿ ಅಂಗಿ ಹಾಕ್ಕೊಂಡು ಬರಬ್ಯಾಡ ಅಂತ ಹೇಳ್ರಿ” ಎಂದಿದ್ದಾರೆ.

ನಮ್ಮ ಪದ್ಮಿನಿ ಇನ್ನು ಕೆಲವು ದಿನಗಳಲ್ಲಿ ನವೀಕರಣದ ತಪಾಸಣೆಗೆ ಹೋಗಬೇಕು. ಹೊಗೆ ನೋಡಲಿ, ಬ್ರೇಕು ನೋಡಲಿ, ದೀಪ ನೋಡಲಿ. ಎಲ್ಲ ನೋಡಿದ ಮೇಲೆ ಬೇಡವೆಂದರೆ ನಾನು ತಕರಾರು ಮಾಡುವುದಿಲ್ಲ. ನಾನೇ ಗುಜರಿಗೆ ಬಿಟ್ಟು ಬರುತ್ತೇನೆ. ಆದರೆ ಮೊದಲು ನೋಡಲಿ.