ಯಕೃಚ್ಛೇದನದ ತರುವಾಯದ ದಿನಗಳು

ಯಕೃತ್ತಿನ ಒಂದು ಭಾಗವನ್ನು ಛೇದಿಸಿ ತೆಗೆದರೆ ಉಳಿದ ಭಾಗವು ಮತ್ತೆ ಬೆಳೆದುಕೊಳ್ಳುವುದೆಂಬ ಸಂಗತಿ ಈಗ ಸಾಮಾನ್ಯ ಜನರಿಗೂ ತಿಳಿದಿದೆ, ಅದು ನಿಜವೂ ಅಹುದು. ಆದರೆ ಆ ಬೆಳವಣಿಗೆಗೆ ವಾರಗಳೂ ತಿಂಗಳುಗಳೂ ಹಿಡಿಯುವುವೆಂಬುದನ್ನು, ಅದುವರೆಗೆ ರಕ್ತವನ್ನು ಹೆಪ್ಪುಗಟ್ಟಿಸುವ ಸತ್ತ್ವಗಳನ್ನು ತಯಾರಿಸುವ, ಪಿತ್ತವನ್ನು ಸ್ರವಿಸುವ, ವಿಷವಸ್ತುಗಳನ್ನು ನಿವಾರಿಸುವ ಸಕಲ ಕಾರ್ಯಗಳನ್ನೂ ಆ ಉಳಿದ ತುಂಡೊಂದೇ ನಿರ್ವಹಿಸಬೇಕಾಗುವುದೆಂಬುದನ್ನು, ರೋಗಿಯ ಮನೆಯವರಿಗೆ ಸಾವಧಾನವಾಗಿ ತಿಳಿಯಹೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಶಸ್ತ್ರಕ್ರಿಯೆ ಮುಗಿದ ಸಂಜೆ 'ಆಪರೇಷನ್ ಸಕ್ಸಸ್' ಎಂಬ ಮಾತು ಹೊರಬರುತ್ತದೆ. ಕಾದು ಕುಳಿತವರು ದೇವರಿಗೆ ಕೈಮುಗಿದು ಊರಿಗೆ ಫೋನು ಮಾಡುತ್ತಾರೆ. ಅಂತಹ ತೀರ್ಮಾನಕ್ಕೆ ಅಂದು ಕಾಲ ಪಕ್ವವಾಗಿರುವುದಿಲ್ಲವೆಂಬುದೇ ನನ್ನ ಅಭಿಪ್ರಾಯ.

ಈ ಶಸ್ತ್ರಕ್ರಿಯೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. 1888ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಎಂಬ ಶಸ್ತ್ರವೈದ್ಯರು ಮಹಿಳೆಯೊಬ್ಬಳ ಯಕೃತ್ತಿನ ಎಡಭಾಗದ ಗಡ್ಡೆಯನ್ನು ತೆಗೆದು ಹೊಟ್ಟೆಯನ್ನು ಹೊಲಿದಾದ ಮೇಲೆ, ಒಳಗೆ ರಕ್ತ ಸುರಿಯುತ್ತಿರುವುದು ಕಂಡುಬಂದು, ಹೊಲಿಗೆಯನ್ನು ಬಿಚ್ಚಿ ನಾಳವನ್ನು ಕಟ್ಟಬೇಕಾಯಿತು, ಆಕೆ ಬದುಕಿಕೊಂಡಳು. 1908ರಲ್ಲಿ ಗ್ಲಾಸ್ಗೋ ನಗರದ ಹೋಗಾರ್ತ್ ಪ್ರಿಂಗಲ್ ಅವರು ಯಕೃತ್ತಿಗೆ ರಕ್ತವನ್ನೊಯ್ಯುವ ನಾಳಗಳ ಕಟ್ಟನ್ನು ಅದುಮಿ ಹಿಡಿದು ಸ್ರಾವವನ್ನು ತಡೆಯುವ ಉಪಾಯವನ್ನು ಪ್ರಕಟಿಸಿದರು. 1957ರಲ್ಲಿ ಫ್ರಾನ್ಸಿನ ಕ್ಲೋಡ್ ಕ್ವಿನೋ ಅವರು ಯಕೃತ್ತನ್ನು ಎಂಟು ಖಂಡಗಳಾಗಿ ವಿಂಗಡಿಸಿ ತೋರಿಸಿಕೊಟ್ಟರು. 1970ರ ದಶಕದಲ್ಲಿ ದೊಡ್ಡ ಛೇದನಕ್ಕೆ ಒಳಗಾದ ನೂರು ಮಂದಿಯಲ್ಲಿ ಇಪ್ಪತ್ತರ ಆಸುಪಾಸು ಜನ ಸಾಯುತ್ತಿದ್ದರು. ಇಂದು ಅನುಭವಿ ಕೇಂದ್ರಗಳಲ್ಲಿ ಆ ಸಂಖ್ಯೆ ಐದಕ್ಕಿಂತ ಕೆಳಗಿದೆ. ಸಾವು ಇಳಿದ ಪ್ರಮಾಣದಲ್ಲಿ ತೊಡಕುಗಳು ಮಾತ್ರ ಇಳಿದಿಲ್ಲ.

ರೋಗಿಯ ಹಾಸಿಗೆಯ ಪಕ್ಕದಲ್ಲಿ ತೂಗುವ ಡ್ರೈನ್ ಚೀಲವನ್ನು ನೋಡಿ. ಹೊಟ್ಟೆಯೊಳಗಿನಿಂದ ನಳಿಕೆಯ ಮೂಲಕ ಇಳಿಯುವ ದ್ರವವು ಮೊದಲ ದಿನ ಕೆಂಪಾಗಿದ್ದು, ಬರಬರುತ್ತ ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗಬೇಕು. ಹಾಗೆ ತಿರುಗದೆ ಹಸುರು ಮಿಶ್ರಿತ ಹಳದಿಯಾಗಿ ಬರತೊಡಗಿದರೆ, ಕೊಯ್ದ ಮುಖದಲ್ಲಿ ಯಾವುದೋ ಕಿರಿಯ ಪಿತ್ತನಾಳ ಬಾಯ್ತೆರೆದಿದೆಯೆಂದು ಶಂಕಿಸಬೇಕು. ಮೂರನೆಯ ದಿನ ಅಥವಾ ಅನಂತರ ಆ ದ್ರವದ ಬಿಲಿರುಬಿನ್ (ಪಿತ್ತದ ಹಳದಿ ವರ್ಣಕ) ರಕ್ತದಲ್ಲಿರುವುದರ ಮೂರರಷ್ಟು ಅಥವಾ ಅದಕ್ಕೂ ಮಿಗಿಲಾಗಿದ್ದರೆ ಪಿತ್ತ ಸೋರುತ್ತಿದೆಯೆಂದು ನಿಶ್ಚಯಿಸಬೇಕೆಂಬ ವ್ಯಾಖ್ಯೆಯನ್ನು ತಜ್ಞರ ಅಂತರರಾಷ್ಟ್ರೀಯ ಮಂಡಲಿಯೊಂದು 2011ರಲ್ಲಿ ಮುಂದಿಟ್ಟಿತು. ಬಹಳ ಮಂದಿಯಲ್ಲಿ ಈ ಸೋರಿಕೆ ತಾನಾಗಿಯೇ ನಿಲ್ಲುವುದುಂಟು. ಕೆಲವರಿಗೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳದಲ್ಲಿ ಸ್ಟೆಂಟ್ ಇರಿಸಬೇಕಾಗುತ್ತದೆ. ಸೋರಿದ ಪಿತ್ತವು ಹೊರಬರಲು ದಾರಿಯಿಲ್ಲದೆ ವಪೆಯ ಕೆಳಗೆ ನಿಂತರೆ ಕೀವಾಗುತ್ತದೆ. ಆಗ ಚಳಿಜ್ವರ ಬರುತ್ತದೆ, ಬಲಭುಜ ನೋಯುತ್ತದೆ, ಬಲ ಎದೆಯಲ್ಲಿ ನೀರು ತುಂಬಿ ಉಸಿರು ಭಾರವಾಗುತ್ತದೆ.

ಇದಕ್ಕಿಂತಲೂ ಘೋರವಾದುದು ಉಳಿದ ಯಕೃತ್ತೇ ಸೋತುಹೋಗುವುದು. ಇದರ ನಿರ್ಣಯದಲ್ಲಿ ಐದನೆಯ ದಿನಕ್ಕೆ ವಿಶೇಷ ಮಹತ್ತ್ವವಿದೆ: ಅಂದು ರಕ್ತದ ಬಿಲಿರುಬಿನ್ ಲೀಟರಿಗೆ 50 ಮೈಕ್ರೋಮೋಲಿಗಿಂತ ಮೇಲಿದ್ದು, ರಕ್ತ ಹೆಪ್ಪುಗಟ್ಟುವ ಶಕ್ತಿ ಅರ್ಧಕ್ಕಿಂತ ಕೆಳಗಿದ್ದರೆ, ಅಂತಹವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಉಳಿಯಲಿಲ್ಲವೆಂದು ಫ್ರಾನ್ಸಿನ ವೈದ್ಯರು 2005ರಲ್ಲಿ ವರದಿ ಮಾಡಿದರು. ಆರೋಗ್ಯವಂತ ಯಕೃತ್ತಾದರೆ ನೂರರಲ್ಲಿ 20ರಿಂದ 25 ಭಾಗ ಉಳಿದರೂ ನಡೆಯುತ್ತದೆ. ಸಿರೋಸಿಸ್ಸಿನಿಂದ ಗಟ್ಟಿಕಟ್ಟಿದ ಯಕೃತ್ತಾದರೆ 40 ಭಾಗವಾದರೂ ಉಳಿಯಬೇಕು. ಆದುದರಿಂದಲೇ ಬಲ್ಲ ವೈದ್ಯರು ಸಿ.ಟಿ. ಚಿತ್ರದಿಂದ ಉಳಿಯಲಿರುವ ಭಾಗವನ್ನು ಮುಂಚಿತವಾಗಿ ಅಳೆಯುತ್ತಾರೆ, ಸಾಲದೆಂದು ಕಂಡರೆ ತೆಗೆಯಲಿರುವ ಭಾಗಕ್ಕೆ ಹೋಗುವ ಪೋರ್ಟಲ್ ರಕ್ತನಾಳವನ್ನು ಮುಚ್ಚಿ, ಉಳಿಯುವ ಭಾಗ ದೊಡ್ಡದಾಗಲೆಂದು ಕೆಲವು ವಾರ ಕಾಯುತ್ತಾರೆ. ಈ ಕಾಯುವಿಕೆಯನ್ನು ಮನೆಯವರು ಕಾಲಹರಣವೆಂದು ಭಾವಿಸಿ, ಬೇಗನೆ ಮಾಡಿಕೊಡುವ ಇನ್ನೊಂದು ಆಸ್ಪತ್ರೆಯನ್ನು ಅರಸಿ ಹೊರಡುವುದು ಅನರ್ಥಕ್ಕೆ ದಾರಿ. ಮಧುಮೇಹ, ಸ್ಥೂಲಕಾಯ, ಮದ್ಯಪಾನಗಳಿಂದ ಕೊಬ್ಬು ತುಂಬಿದ ಯಕೃತ್ತುಗಳು ಹೆಚ್ಚುತ್ತಿರುವ ನಮ್ಮ ನಾಡಿನಲ್ಲಿ ಈ ಅಳತೆಯ ವಿಷಯದಲ್ಲಿ ಅವಸರ ಸಲ್ಲದು.

ಹೀಗಿರುವಲ್ಲಿ, ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ, ಇಂಗ್ಲಿಷಿನಲ್ಲಿ ಅಚ್ಚಾದ ನಾಲ್ಕಾರು ಪುಟಗಳ ಒಪ್ಪಿಗೆ ಪತ್ರವನ್ನು ಮುಂದಿಟ್ಟು, ಬೆರಳಿನಿಂದ ಜಾಗ ತೋರಿಸಿ ಸಹಿ ಹಾಕಿಸಿಕೊಳ್ಳುವುದನ್ನು ಸಮ್ಮತಿಯೆಂದು ನಾನು ಒಪ್ಪಲಾರೆ. ರೋಗಿಯ ವಿಷಯದಲ್ಲೇ ಇದು ತಪ್ಪು. ಮಗನಿಗೋ ಅಣ್ಣನಿಗೋ ತನ್ನ ಯಕೃತ್ತಿನ ಭಾಗವನ್ನು ಕೊಡಲು ಬಂದು ಮಲಗುವ ನಿರೋಗಿಯಾದ ದಾನಿಯ ವಿಷಯದಲ್ಲಿ ಇದು ಅಕ್ಷಮ್ಯ. ನಮ್ಮ ದೇಶದ ಯಕೃತ್ತಿನ ಕಸಿಗಳಲ್ಲಿ ಬಹುಪಾಲು ಜೀವಂತ ದಾನಿಗಳಿಂದಲೇ ನಡೆಯುತ್ತಿದ್ದು, ಆ ದಾನಿಗೂ ರಕ್ತಸ್ರಾವ, ಪಿತ್ತದ ಸೋರಿಕೆ, ಸೋಂಕುಗಳ ಭಯ ತಪ್ಪಿದ್ದಲ್ಲ. ಆಸ್ಪತ್ರೆಗಳು ತಮ್ಮ ಯಶಸ್ಸನ್ನು ಡಿಸ್ಚಾರ್ಜ್ ದಿನಕ್ಕೋ ಮೂವತ್ತನೆಯ ದಿನಕ್ಕೋ ಲೆಕ್ಕ ಮುಗಿಸಿ ಸಾರಬಾರದು. ಯಕೃತ್ತು ಸೋತವರ ಸಾವು ಅನೇಕ ವೇಳೆ ಅದರಾಚೆಗೆ ಸಂಭವಿಸುವುದರಿಂದ, ತೊಂಬತ್ತು ದಿನಗಳ ಫಲಿತಾಂಶವನ್ನು, ತೊಡಕುಗಳ ಸಮೇತ, ಪ್ರಕಟಿಸತಕ್ಕದ್ದು. ಬೀದರಿಗೋ ಕೊಳ್ಳೇಗಾಲಕ್ಕೋ ಬಸ್ಸು ಹತ್ತುವ ರೋಗಿಯ ಕೈಯಲ್ಲಿ, ಯಾವ ಲಕ್ಷಣ ಕಂಡರೆ ಯಾರನ್ನು ಕರೆಯಬೇಕೆಂದು ಕನ್ನಡದಲ್ಲಿ ಬರೆದ ಒಂದು ಹಾಳೆ ಇರಬೇಕು. ಇದಕ್ಕೆ ಆಸ್ಪತ್ರೆಗೆ ತಗಲುವ ವೆಚ್ಚ ಅತ್ಯಲ್ಪ.

ಓದುಗರಲ್ಲಿ ಒಂದು ವಿನಂತಿ. ನಿಮ್ಮವರಿಗೆ ಈ ಶಸ್ತ್ರಕ್ರಿಯೆ ನಿಶ್ಚಯವಾದರೆ, ಎಷ್ಟು ಭಾಗ ಉಳಿಯುತ್ತದೆ, ಪಿತ್ತ ಸೋರಿದರೆ ಇಲ್ಲಿಯೇ ಉಪಾಯವುಂಟೆ, ಕಳೆದ ವರ್ಷ ನಿಮ್ಮಲ್ಲಿ ಇಂತಹ ಎಷ್ಟು ಮಂದಿಗೆ ತೊಡಕಾಯಿತು ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಮನೆಗೆ ಬಂದ ಮೇಲೆ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿದರೆ, ಮಾತಿನಲ್ಲಿ ಮಂಕು ಕವಿದರೆ, ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹಿಂದಿರುಗಿರಿ.