ಎಲ್ಲರಿಗೂ ಒಂದೇ ನಕ್ಷೆ

ಮಕ್ಕಳೇ, ಒಂದು ಮನೆಗೆ ಬಾಗಿಲು ಬೇಕಾಗಿದೆ ಎಂದುಕೊಳ್ಳಿ. ಒಬ್ಬ ಬಡಗಿ ಚೌಕಟ್ಟನ್ನು ಮಾಡುತ್ತಾನೆ. ಇನ್ನೊಬ್ಬ ಬಡಗಿ ಕದವನ್ನು ಮಾಡುತ್ತಾನೆ. ನಡುವೆ ಮನೆಯ ಯಜಮಾನ ಅಳತೆಯನ್ನು ಬದಲಿಸಿ, ಒಬ್ಬನಿಗೆ ಮಾತ್ರ ತಿಳಿಸಿದರೆ ಏನಾಗುತ್ತದೆ? ಕದ ಚೌಕಟ್ಟಿನಲ್ಲಿ ಕೂರುವುದಿಲ್ಲ. ಬಡಗಿಗಳಿಬ್ಬರೂ ಜಾಣರೇ. ಆದರೂ ಕೆಲಸ ಕೆಟ್ಟಿತು.

ದೊಡ್ಡ ಕಾರ್ಖಾನೆಗಳಲ್ಲಿಯೂ ಹೀಗಾಗುವುದುಂಟು. ಅಲ್ಲಿ ಇಂಜಿನಿಯರರು ಮೊದಲು ಕಂಪ್ಯೂಟರಿನಲ್ಲಿ ಯಂತ್ರದ ನಕ್ಷೆ ಬರೆಯುತ್ತಾರೆ. ಆ ನಕ್ಷೆಯಂತೆ ಕೆಲಸಗಾರರು ಭಾಗಗಳನ್ನು ತಯಾರಿಸುತ್ತಾರೆ. ಇಬ್ಬರಿಗೂ ಒಂದೇ ಮಾಹಿತಿ ಸಿಗಬೇಕು. ಅದಕ್ಕಾಗಿಯೇ ಡೇಟಾಬೇಸ್ ಇದೆ. ಡೇಟಾಬೇಸ್ ಎಂದರೆ ಕಂಪ್ಯೂಟರಿನಲ್ಲಿ ಕ್ರಮವಾಗಿ ಜೋಡಿಸಿಟ್ಟ ಮಾಹಿತಿಯ ಭಂಡಾರ. ನಕ್ಷೆ ಬರೆಯುವವರು ಒಂದು ತಿರುಪಿನ ಉದ್ದವನ್ನು ಅಲ್ಲಿ ಬದಲಿಸಿದರೆ, ಅದನ್ನು ತಯಾರಿಸುವವರಿಗೂ ಕೂಡಲೇ ಹೊಸ ಅಳತೆಯೇ ಕಾಣುತ್ತದೆ.

ಇದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಏರ್‌ಬಸ್ ಎ380 ಒಂದು ಉದಾಹರಣೆ. ಇದು ಎರಡು ಅಂತಸ್ತುಗಳ ಭಾರಿ ವಿಮಾನ. ಇದರೊಳಗೆ 500 ಕಿಲೋಮೀಟರಿಗೂ ಹೆಚ್ಚು ಉದ್ದದ ವಿದ್ಯುತ್ ತಂತಿಗಳಿವೆ. ಇದರ ಭಾಗಗಳು ಜರ್ಮನಿ, ಫ್ರಾನ್ಸ್, ಬ್ರಿಟನ್ ಮತ್ತು ಸ್ಪೇನ್ ದೇಶಗಳಲ್ಲಿ ತಯಾರಾದವು. ಅವುಗಳನ್ನು ಫ್ರಾನ್ಸಿನ ಟುಲೂಸ್ ನಗರದಲ್ಲಿ ಜೋಡಿಸಲಾಯಿತು. ಜರ್ಮನಿಯವರು ನಕ್ಷೆ ಬರೆಯಲು ಹಳೆಯ ಸಾಫ್ಟ್‌ವೇರ್ ಬಳಸಿದರು. ಫ್ರಾನ್ಸಿನವರು ಅದರ ಹೊಸ ರೂಪವನ್ನು ಬಳಸಿದರು. ಎರಡೂ ಸರಿಯಾಗಿ ಹೊಂದಿಕೊಳ್ಳಲಿಲ್ಲ. ಜೋಡಿಸುವಾಗ ಕೆಲವು ತಂತಿಗಳ ಉದ್ದ ಸಾಲದೆ ಬಂತು! ಕೆಲಸಗಾರರು ತಂತಿಗಳನ್ನು ಕೈಯಿಂದಲೇ ಮತ್ತೆ ಅಳವಡಿಸಬೇಕಾಯಿತು. 2006ರಲ್ಲಿ ಈ ತೊಂದರೆ ಎಲ್ಲರಿಗೂ ತಿಳಿಯಿತು. ಒಂದು ವರ್ಷಕ್ಕಿಂತ ಹೆಚ್ಚು ತಡವಾಗಿ, 2007ರ ಅಕ್ಟೋಬರಿನಲ್ಲಿ ಮೊದಲ ವಿಮಾನ ಸಿಂಗಾಪುರ ಏರ್‌ಲೈನ್ಸ್ ಸಂಸ್ಥೆಯ ಕೈಸೇರಿತು. ಕಂಪನಿಗೆ ಅಪಾರ ನಷ್ಟವಾಯಿತು.

ಒಳ್ಳೆಯ ಕಂಪ್ಯೂಟರುಗಳಿದ್ದರೆ ಸಾಕು ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡೂ ಕಡೆ ಕಂಪ್ಯೂಟರುಗಳಿದ್ದವು, ನುರಿತ ಇಂಜಿನಿಯರರೂ ಇದ್ದರು. ಎಲ್ಲರೂ ಒಪ್ಪಿ ನೋಡುವ ಒಂದೇ ನಕ್ಷೆ ಇರಲಿಲ್ಲ.

ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಒಬ್ಬನ ತಪ್ಪು ಎಲ್ಲರಿಗೂ ಹರಡುವುದಿಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಆದ್ದರಿಂದಲೇ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದನ್ನೂ ಅಲ್ಲಿಯೇ ದಾಖಲಿಸಬೇಕು. ಇನ್ನೊಬ್ಬರು ಅದನ್ನು ಪರಿಶೀಲಿಸಬೇಕು. ಆಗ ತಪ್ಪು ನಕ್ಷೆಯಲ್ಲಿರುವಾಗಲೇ ಸಿಕ್ಕಿಬೀಳುತ್ತದೆ. ನಕ್ಷೆಯಲ್ಲಿ ತಿದ್ದುವುದು ಸುಲಭ. ತಯಾರಾದ ವಿಮಾನದಲ್ಲಿ ತಿದ್ದುವುದು ಬಹಳ ಕಷ್ಟ.

ನೀವೂ ಗುಂಪಿನಲ್ಲಿ ಮಾದರಿಗಳನ್ನು ತಯಾರಿಸುತ್ತೀರಿ. ಆಗ ಅಳತೆಗಳನ್ನೆಲ್ಲ ಒಂದೇ ಪುಸ್ತಕದಲ್ಲಿ ಬರೆದಿಡಿ. ಬದಲಾವಣೆ ಮಾಡಿದರೆ ಅದರಲ್ಲಿಯೇ ಬರೆದು ಎಲ್ಲರಿಗೂ ತಿಳಿಸಿ. ನಾಳೆ ನೀವು ಇಂಜಿನಿಯರರಾದಾಗಲೂ ಈ ಅಭ್ಯಾಸ ನಿಮ್ಮ ಕೈಹಿಡಿಯುತ್ತದೆ.