ಮೋಟಾರಿಗೆ ಭಾಷೆಯಿಲ್ಲ, ಕೈಪಿಡಿಗೆ ಕನ್ನಡ ಬೇಕು!

ಕನ್ನಡದ ಯುವಕ ಯುವತಿಯರೇ,

ನವೆಂಬರ್ ಒಂದಕ್ಕೆ ಬಾವುಟ ಹಾರಿಸಿ, ಘೋಷಣೆ ಕೂಗಿ ಮನೆಗೆ ಹೋದರೆ ಕನ್ನಡದ ಕೆಲಸ ಮುಗಿಯಿತೇ? ಅಂಗಡಿಯ ಬೋರ್ಡಿಗೆ ಕನ್ನಡ ಬೇಕೆಂದು ಹೋರಾಡಿದಿರಿ, ಸರಿ. ಆ ಬೋರ್ಡಿನ ಹಿಂದೆ, ಷೆಡ್ಡಿನೊಳಗೆ, ಯಂತ್ರದ ಪಕ್ಕದಲ್ಲಿ ಯಾವ ಭಾಷೆ ಕುಳಿತಿದೆ ಎಂದು ಒಮ್ಮೆಯಾದರೂ ನೋಡಿದ್ದೀರಾ?

ಒಂದು ಕಂಪ್ಯೂಟರ್, ಮೂರು ಸ್ಟೆಪ್ಪರ್ ಮೋಟಾರು, ಮೂರು ಡ್ರೈವರ್ ಇದ್ದರೆ ಇಂದು ಮನೆಯ ಮೂಲೆಯಲ್ಲೇ ಸಣ್ಣ ಸಿಎನ್‌ಸಿ ಯಂತ್ರ ಕಟ್ಟಬಹುದು. ಸಾಮಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿದೆ. ಜಿಆರ್‌ಬಿಎಲ್, ಲಿನಕ್ಸ್‌ಸಿಎನ್‌ಸಿ ತಂತ್ರಾಂಶಗಳು ಪುಕ್ಕಟೆ. ಆದರೆ ಈ ಡ್ರೈವರು ಈ ತಂತ್ರಾಂಶಕ್ಕೆ ಹೊಂದುತ್ತದೆಯೇ? ಕೇಳಿದರೆ ಇಂಗ್ಲಿಷ್ ಹಾಳೆಯೊಂದು ಕೈಗೆ ಬರುತ್ತದೆ. ಐಟಿಐ ಕಲಿತ ನಮ್ಮ ಹುಡುಗ ಅದನ್ನು ತಿರುವಿ ಹಾಕಿ ಸುಮ್ಮನಾಗುತ್ತಾನೆ!

ಇದೇನು ಬ್ರಹ್ಮವಿದ್ಯೆಯೇ? ಇಲ್ಲೇ ಹೇಳುತ್ತೇವೆ, ಓದಿ.

ಒಂದು: ಈ ತಂತ್ರಾಂಶಗಳು ಸಾಮಾನ್ಯವಾಗಿ ಕಳುಹಿಸುವುದು ಎರಡು ಸಂಕೇತ, ಸ್ಟೆಪ್ ಮತ್ತು ಡೈರೆಕ್ಷನ್. ಡ್ರೈವರಿನಲ್ಲಿ ಆ ಎರಡು ಪಿನ್ ಇರಬೇಕು.

ಎರಡು: ಸ್ಟೆಪ್ ಪಲ್ಸ್ ಎಷ್ಟು ಹೊತ್ತು ನಿಲ್ಲಬೇಕು? ಎ4988 ಚಿಪ್ಪಿಗೆ ಕನಿಷ್ಠ 1 ಮೈಕ್ರೊಸೆಕೆಂಡ್, ಡಿಆರ್‌ವಿ8825ಕ್ಕೆ 1.9. ಜಿಆರ್‌ಬಿಎಲ್ ತಾನಾಗಿ 10 ಕೊಡುತ್ತದೆ, ಎರಡೂ ನಡೆಯುತ್ತವೆ. ಲಿನಕ್ಸ್‌ಸಿಎನ್‌ಸಿ ಕೇಳುವುದು ನ್ಯಾನೊಸೆಕೆಂಡಿನಲ್ಲಿ. ಅಲ್ಲಿ 1.9 ಅಲ್ಲ, 1900 ಬರೆಯಬೇಕು!

ಮೂರು: ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರನ್ನು 16 ಮೈಕ್ರೊಸ್ಟೆಪ್ಪಿಗೆ ಇಟ್ಟರೆ 3200. ಸುತ್ತಿಗೆ 8 ಮಿ.ಮೀ. ಸಾಗುವ ಸ್ಕ್ರೂ ಆದರೆ ಮಿಲಿಮೀಟರಿಗೆ 400 ಪಲ್ಸ್. ಆರ್ಡುಯಿನೊ ಯುನೊ ಮೇಲಿನ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಪಲ್ಸ್ ಕೊಡಬಲ್ಲದು. ಅಂದರೆ ಸೆಕೆಂಡಿಗೆ 75 ಮಿ.ಮೀ. ದಾಟಲಾಗದು.

ನಾಲ್ಕು: ಎನೇಬಲ್ ಸಂಕೇತ ಕೆಲವು ಡ್ರೈವರಿನಲ್ಲಿ ತಿರುಗಾಮುರುಗಾ. ಮೋಟಾರು ಸತ್ತಂತೆ ನಿಂತರೆ ತಂತ್ರಾಂಶದಲ್ಲಿ ಅದನ್ನು ತಿರುಗಿಸಿ ನೋಡಿ.

ಇವು ಹೊಂದದಿದ್ದರೆ ಯಂತ್ರ ಕೂಗಿ ಹೇಳುವುದಿಲ್ಲ. ಸಾಮಾನ್ಯ ಸ್ಟೆಪ್ಪರ್ ಹೆಜ್ಜೆ ತಪ್ಪಿದ್ದು ತಂತ್ರಾಂಶಕ್ಕೆ ಗೊತ್ತೇ ಆಗದು. ಕೊರೆದ ಹಿತ್ತಾಳೆ ಹಾಳು, ಕೂಡಿಟ್ಟ ಕಾಸು ಹಾಳು!

ನೋಡಿದಿರಾ? ನಾಲ್ಕೇ ಮಾತು, ಎಲ್ಲವೂ ಕನ್ನಡದಲ್ಲಿ. ಆಗುವುದಿಲ್ಲ ಎಂದವರು ಯಾರು? 1953ರಲ್ಲಿ ಎಚ್‌ಎಂಟಿ ಹುಟ್ಟಿದ ಊರು ನಮ್ಮದು. ಪೀಣ್ಯದ ಲೇತುಗಳ ಮುಂದೆ ಕನ್ನಡ ಮಾತನಾಡುವ ಟರ್ನರುಗಳಿದ್ದಾರೆ. 1982ರಲ್ಲಿ ಗೋಕಾಕ್ ವರದಿಗಾಗಿ ಬೀದಿಗಿಳಿದ ನಾಡು ಇದು. ಲಿನಕ್ಸ್‌ಸಿಎನ್‌ಸಿ ಕೈಪಿಡಿ ಫ್ರೆಂಚಿನಲ್ಲಿದೆ, ಸ್ಪ್ಯಾನಿಷಿನಲ್ಲಿದೆ. ಕನ್ನಡಕ್ಕೇನು ಗತಿಗೇಡು? ಇವು ಮುಕ್ತ ತಂತ್ರಾಂಶಗಳು. ಅನುವಾದ ಮಾಡಲು ದೆಹಲಿಯ ಅಪ್ಪಣೆ ಬೇಡ, ಯಾವ ಕಂಪನಿಯ ಕಾಲೂ ಹಿಡಿಯಬೇಕಿಲ್ಲ. ಇಲ್ಲಿ ನಮ್ಮನ್ನು ತಡೆಯುವ ಪರಕೀಯನಿಲ್ಲ. ತಡೆಯುತ್ತಿರುವುದು ನಮ್ಮದೇ ಸೋಮಾರಿತನ, ‘ಟೆಕ್ನಿಕಲ್ ಅಂದರೆ ಇಂಗ್ಲಿಷೇ’ ಎನ್ನುವ ಗುಲಾಮ ಬುದ್ಧಿ!

ಆದ್ದರಿಂದ ಮಾರುವವರನ್ನು ಕೇಳಿ: ಡ್ರೈವರಿನ ಜೊತೆ ಒಂದು ಕನ್ನಡ ಹಾಳೆ ಕೊಡಿ. ಐಟಿಐಗಳನ್ನು ಕೇಳಿ: ಇದನ್ನು ಕನ್ನಡದಲ್ಲಿ ಕಲಿಸಿ. ಎಂಜಿನಿಯರಿಂಗ್ ಓದಿದವರೇ, ನಿಮ್ಮನ್ನೂ ಬಿಡುವುದಿಲ್ಲ. ವಾರಕ್ಕೊಂದು ಪುಟ ಬರೆಯಿರಿ, ಷೆಡ್ಡಿನ ಗೋಡೆಗೆ ಅಂಟಿಸಿ.

ಜೈಕಾರ ಹಾಕುವ ಬಾಯಿ ಬೇಕಾದಷ್ಟಿದೆ. ಬರೆಯುವ ಕೈ ಬೇಕಾಗಿದೆ. ಏಳಿ!

ಜೈ ಕರ್ನಾಟಕ!